ಅದಕ್ಕೂ ಮುಂಚೆ?

ಹೊಸಬರನ್ನು ಕಂಡಾಗ ಲೋಕವೆಲ್ಲ ಮೊದಲು ಮುಖ ನೋಡುತ್ತದೆ. ನಮ್ಮ ಪತ್ರಿಕೆಯ ಹಿರಿಯ ವರದಿಗಾರ್ತಿ ಮಾತ್ರ ಮೊದಲು ಬಟ್ಟೆ ನೋಡುತ್ತಾರೆ. ಆ ನೋಟದಲ್ಲಿ ಮೆಚ್ಚುಗೆಯೂ ಇರುವುದಿಲ್ಲ, ಹೊಟ್ಟೆಕಿಚ್ಚೂ ಇರುವುದಿಲ್ಲ. ಜನಜಂಗುಳಿಯಲ್ಲಿ ಕಳೆದುಹೋಗಿ ಸಿಕ್ಕ ಮಗುವಿನ ಮೈಮೇಲೆ ಗುರುತಿನ ಮಚ್ಚೆ ಹುಡುಕುವ ತಾಯಿಯ ಏಕಾಗ್ರತೆಯಿಂದ ಅವರು ಅಂಗಿಯ ಅಂಚು, ಚೀಲದ ಪಟ್ಟಿ, ಚಪ್ಪಲಿಯ ಹೊಲಿಗೆಗಳನ್ನು ಪರಿಶೀಲಿಸುತ್ತಾರೆ. ಈ ಸಂಗತಿ ಅರಿಯದ ನಾನು ಕೆಲಸಕ್ಕೆ ಸೇರಿದ ಮೊದಲ ದಿನವೇ ಅವರೆದುರು ಮಾಡಿಕೊಂಡ ಅಧ್ವಾನವನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. ನಾನು ಹೇಳದಿದ್ದರೆ ಕಚೇರಿಯಲ್ಲಿ ಅದನ್ನು ಹೇಳಲು ಸಾಲುಗಟ್ಟಿ ನಿಂತವರಿದ್ದಾರೆ.

ಅಂದು ನಾನು ತೊಟ್ಟಿದ್ದು, ಉಪಸಂಪಾದಕನ ನೌಕರಿ ಸಿಕ್ಕ ಸಂಭ್ರಮಕ್ಕೆಂದು ದೊಡ್ಡ ಅಂಗಡಿಯೊಂದರಲ್ಲಿ ಕೊಂಡ ಜೀನ್ಸ್ ಪ್ಯಾಂಟು. ತೊಡೆಯಿಂದ ಕೆಳಗಿಳಿಯುತ್ತ ನೀಲಿ ತೆಳುವಾಗಿ, ಮೊಣಕಾಲಿನ ಬಳಿ ಹಾಲು ಚೆಲ್ಲಿದಂತೆ ಬೆಳ್ಳಗಾಗಿ, ಯಾರೋ ಅರ್ಧ ಆಯುಷ್ಯ ಮಂಡಿಯೂರಿ ದುಡಿದಂತೆ ಕಾಣುವ ಪ್ಯಾಂಟು. ನಾನಾದರೋ ಮಂಡಿಯೂರಿ ಮಂಚದ ಕೆಳಗಿನ ಚಪ್ಪಲಿ ಎಳೆದದ್ದನ್ನು ಬಿಟ್ಟರೆ ಬೇರಾವ ದುಡಿಮೆಯನ್ನೂ ಮಾಡಿದವನಲ್ಲ. "ಹೊಸದು ಅಂತ ಹಳೇದನ್ನ ಕೊಟ್ಟು ಟೋಪಿ ಹಾಕಿದಾರಲ್ಲೋ ನಿಂಗೆ!" ಎಂದು ಅಮ್ಮ ಬೆಳಿಗ್ಗೆಯೇ ಆಶೀರ್ವದಿಸಿ ಕಳಿಸಿದ್ದಳು. ಆ ಉರಿ ಇನ್ನೂ ಆರಿರಲಿಲ್ಲ. ಹೊಸ ಮೇಜಿನೆದುರು ಹೊಸ ಗಾಂಭೀರ್ಯದಲ್ಲಿ ಕುಳಿತಿದ್ದಾಗ, ಗಂಡಸರ ಕೋಟು ತೊಟ್ಟ ಹೆಂಗಸೊಬ್ಬರು ಬಂದು, ಬಾಗಿ, ನನ್ನ ಮೊಣಕಾಲನ್ನು ಉಗುರಿನಿಂದ ಕೆರೆದು, ಆ ಉಗುರನ್ನು ಮೂಸಿ ನೋಡಿದರು.

"ಇದನ್ನ ನೀನೇ ಸವೆಸಿದ್ದೇನಪ್ಪಾ, ಬೇರೆ ಯಾರಾದ್ರೂ ಸವೆಸಿಕೊಟ್ರಾ?"

ಯಾರೋ ಉಟ್ಟುಬಿಟ್ಟ ಬಟ್ಟೆ ತೊಟ್ಟು ಬಂದ ಬಡಪಾಯಿಯೆಂದು ಈಕೆ ನನ್ನನ್ನು ಕರುಣೆಯಿಂದ ಕಾಣುತ್ತಿದ್ದಾರೆ ಎಂದು ನನ್ನ ಸ್ವಾಭಿಮಾನಕ್ಕೆ ಹೊಳೆಯಿತು. ಎದ್ದು ನಿಂತೆ. "ನಮ್ಮನೇಲಿ ಯಾವುದಕ್ಕೂ ಕಮ್ಮಿ ಇಲ್ಲ ಆಂಟಿ. ಇದು ಹೊಚ್ಚ ಹೊಸದು. ನೀವು ಹಳೇ ಬಟ್ಟೆ ಹಂಚೋ ಸಂಘದವರಾದ್ರೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ" ಎಂದೆ. ಕಚೇರಿಯ ಮೇಲೆ ನಗೆಯ ಮಾಡೇ ಕುಸಿದುಬಿತ್ತು. ನಗದಿದ್ದವರು ಅವರೊಬ್ಬರೇ.

"ಹೊಸದಾ? ಎಲ್ಲಿಂದ ಬಂತು?"

"ಅಂಗಡಿಯಿಂದ."

"ಅದಕ್ಕೂ ಮುಂಚೆ?"

"ಗೋದಾಮಿಂದ ಇರಬೇಕು."

"ಅದಕ್ಕೂ ಮುಂಚೆ?"

"ಹೊಲಿಯೋ ಫ್ಯಾಕ್ಟರಿಯಿಂದ."

"ಫ್ಯಾಕ್ಟರೀಲಿ ನೋಡಿದೀನಿ. ಅಲ್ಲಿ ಇದರ ಮಂಡಿ ನೀಲಿಯಾಗಿರುತ್ತೆ. ಗೋದಾಮಲ್ಲಿ ಬೆಳ್ಳಗಿರುತ್ತೆ. ಮಧ್ಯ ಎಲ್ಲಿಗೆ ಹೋಗಿತ್ತು?"

"ಗೊತ್ತಿಲ್ಲ" ಎಂದೆ. "ನಂಗೂ ಗೊತ್ತಿಲ್ಲ. ಹುಡುಕ್ತಾ ಇದೀನಿ" ಎಂದು ಅವರು ಹೊರಟುಹೋದರು. ಪಕ್ಕದ ಮೇಜಿನ ಕ್ರೀಡಾ ವರದಿಗಾರ ಕಣ್ಣೊರೆಸಿಕೊಳ್ಳುತ್ತ, "ಅವರೇ ಕಣೋ ಬುಡದಕ್ಕ" ಎಂದು ಪರಿಚಯಿಸಿದ.

ಯಾವ ವಸ್ತುವನ್ನು ಕೈಗೆತ್ತಿಕೊಂಡರೂ ಅದರ ಬುಡ ಸಿಗುವ ತನಕ ಕೈಬಿಡದ ಕಾರಣ ಬಂದ ಹೆಸರು ಅದು. 'ಅದಕ್ಕೂ ಮುಂಚೆ?' ಎಂಬುದು ಅವರ ಪಾಲಿಗೆ ಪ್ರಶ್ನೆಗಿಂತ ಹೆಚ್ಚಾಗಿ ಉಸಿರಾಟದ ಒಂದು ವಿಧಾನ. ತಡವಾಗಿ ಬಂದ ಕ್ರೀಡಾ ವರದಿಗಾರನನ್ನು ಒಮ್ಮೆ ಅವರು ಹೀಗೆಯೇ ಹಿಡಿದರು. ಬಸ್ಸು ತಡವಾಯಿತು ಎಂದ, ಅದಕ್ಕೂ ಮುಂಚೆ? ಎದ್ದದ್ದು ತಡವಾಯಿತು, ಅದಕ್ಕೂ ಮುಂಚೆ? "ಅದಕ್ಕೂ ಮುಂಚೆ ನಮ್ಮಪ್ಪ ಅಮ್ಮ ಮದುವೆ ಆಗಿದ್ದೇ ತಪ್ಪು ಅಂತ ಬರ್ಕೊಳ್ಳಿ ಅಕ್ಕಾ" ಎಂದು ಅವನು ಕೈಮುಗಿದ.

ಅವರ ಕೋಟಿನ ಬಗ್ಗೆ ಹೇಳದೆ ಅವರ ಚಿತ್ರ ಪೂರ್ಣವಾಗದು. ಅದರ ಹೆಗಲು ಅವರ ಹೆಗಲನ್ನು ಮೀರಿ ಆಚೆಗೆ ಇಳಿಬಿದ್ದಿದೆ. ತೋಳು ಬೆರಳ ತುದಿಯನ್ನು ಮುಟ್ಟುತ್ತದೆ. ಬಣ್ಣ ಒಂದು ಕಾಲಕ್ಕೆ ಬೂದಿಯೋ ಕಂದೋ ಆಗಿದ್ದಿರಬೇಕು, ಈಗ ಅದು ಕೇವಲ ಕೋಟಿನ ಬಣ್ಣ. ಬಿಸಿಲಿಗೂ ಅದೇ, ಚಳಿಗೂ ಅದೇ. ಬಟ್ಟೆ ನೇಯ್ದವರು ಅವರ ಸೋದರಮಾವ, ಹೊಲಿದವರು ದರ್ಜಿಯಾಗಿದ್ದ ಅಪ್ಪ, ಗುಂಡಿ ಹಾಕಿದವರು ಅಮ್ಮ. "ನನ್ನ ಹತ್ರ ಇರೋದ್ರಲ್ಲಿ ಬುಡ ಗೊತ್ತಿರೋ ಬಟ್ಟೆ ಇದೊಂದೇ" ಎನ್ನುತ್ತಾರೆ. ಆದರೆ ವಿಧಿಯ ಚೇಷ್ಟೆ ನೋಡಿ: ಆ ಕೋಟಿನ ಕೊನೆಯ ಗುಂಡಿ ಮಿಕ್ಕವುಗಳಂತಿಲ್ಲ, ಹಸಿರು ಬಣ್ಣದ್ದು, ಎಲ್ಲಿಂದ ಬಂತೆಂದು ಹೇಳಬಲ್ಲವರು ಯಾರೂ ಈಗಿಲ್ಲ. ಯೋಚನೆಗೆ ಬಿದ್ದಾಗಲೆಲ್ಲ ಅವರ ಹೆಬ್ಬೆರಳು ತಾನಾಗಿ ಆ ಅನಾಥ ಗುಂಡಿಯನ್ನೇ ಹುಡುಕಿಕೊಂಡು ಹೋಗುತ್ತದೆ.

ನಡಿಗೆಯೂ ವಿಚಿತ್ರವೇ. ಯಾರ ಜೊತೆ ನಡೆದರೂ ಅರ್ಧ ಹೆಜ್ಜೆ ಹಿಂದೆ. ಅವರೊಂದಿಗೆ ಮಾತಾಡಬೇಕಾದವರ ಕತ್ತು ಸಂಜೆಯ ಹೊತ್ತಿಗೆ ಉಳುಕಿರುತ್ತದೆ. "ನಾನು ಮುಂದೆ ಹೋದ್ರೆ ಜನ ನನ್ನ ಹಿಂದೆ ಬರ್ತಾರೆ. ನಂಗೆ ಬೇಕಾಗಿರೋದು ಅವರು ಹೋಗೋ ಜಾಗ" ಎಂಬುದು ಅವರ ಸಮರ್ಥನೆ. ಯಾವ ಕಟ್ಟಡಕ್ಕೆ ಹೋದರೂ ಮುಂಬಾಗಿಲನ್ನು ಬಳಸುವುದಿಲ್ಲ, "ಸಾಮಾನು ಬರೋ ಬಾಗಿಲು ಯಾವ ಕಡೆ?" ಎಂದು ಕೇಳಿ ಹಿತ್ತಿಲಿನಿಂದ ಒಳಬರುತ್ತಾರೆ. ಸಹೋದ್ಯೋಗಿಯೊಬ್ಬನ ಮದುವೆಯಲ್ಲಿ ಎಲ್ಲರೂ ವೇದಿಕೆಯ ಮೇಲೆ ಫೋಟೊಗೆ ನಿಂತಿದ್ದಾಗ, ಅಕ್ಕ ಹಿಂಬದಿಯಲ್ಲಿ ಪಾತ್ರೆ ತೊಳೆಯುವವರ ನಡುವೆ ಕುಳಿತು, ಅವರ ಕೈಯ ಬಿರುಕುಗಳಿಗೆ ಯಾವ ಪುಡಿ ಕಾರಣವೆಂದು ವಿಚಾರಿಸುತ್ತಿದ್ದರು. ಮದುಮಗ ಇಂದಿಗೂ ಅದನ್ನು ಕ್ಷಮಿಸಿಲ್ಲ. ಆ ಪುಡಿಯ ಬಗ್ಗೆ ಬಂದ ವರದಿಯನ್ನು ಮಾತ್ರ ಅವನ ಹೆಂಡತಿ ಅಡುಗೆಮನೆಯ ಗೋಡೆಗೆ ಅಂಟಿಸಿದ್ದಾಳೆ.

ಇವೆಲ್ಲವನ್ನೂ ಸಂಪಾದಕರು ಸಹಿಸಿಕೊಂಡಿದ್ದರು. ಅವರಿಗೆ ನುಂಗಲಾರದ ತುತ್ತಾಗಿದ್ದದ್ದು ಅಕ್ಕನ ಒಂದು ಹಟ: ಬರೆದದ್ದನ್ನು ಅಚ್ಚಿಗೆ ಕೊಡುವ ಮುನ್ನ, ಅದನ್ನು ಯಾರು ಹೇಳಿದರೋ ಅವರೆದುರು ಕುಳಿತು, ಮೊದಲಿನಿಂದ ಕಡೆಯವರೆಗೆ ಗಟ್ಟಿಯಾಗಿ ಓದಿ ಕೇಳಿಸಬೇಕು. ಅವರು ತೆಗೆ ಎಂದದ್ದನ್ನು ತೆಗೆಯಬೇಕು. ಹೇಳಿದ ಮಾತು ಹೇಳಿದವರ ಸೊತ್ತು, ತಾನು ಅದನ್ನು ಹೊತ್ತು ತಂದ ಕೂಲಿ ಮಾತ್ರ ಎಂಬುದು ಅವರ ಸಿದ್ಧಾಂತ. ಹೀಗೆ, ರಬ್ಬರ್ ಕೈಗವಸು ತಯಾರಿಸುವ ಕಾರ್ಖಾನೆಯ ಒಬ್ಬಾಕೆ, ಇಡೀ ವರದಿಗೆ ಕಳಶಪ್ರಾಯವಾದ ಸಾಲನ್ನು ಕೇಳಿ ಹೆದರಿ, ಬೇಡ ಎಂದುಬಿಟ್ಟಳು. ಅಕ್ಕ ಅಡ್ಡಗೆರೆ ಎಳೆದು ತಂದರು.

"ಆ ಸಾಲಿಲ್ಲದೆ ವರದಿಗೆ ಜೀವಾನೇ ಇಲ್ಲ ಕಣಮ್ಮಾ!" ಎಂದು ಸಂಪಾದಕರು ತಲೆ ಚಚ್ಚಿಕೊಂಡರು.

"ಆ ಸಾಲಿದ್ರೆ ಅವಳಿಗಿಲ್ಲ ಸರ್" ಎಂದರು ಅಕ್ಕ.

ನನ್ನ ಪ್ಯಾಂಟಿನ ಮಂಡಿ ಎಲ್ಲಿ ಬೆಳ್ಳಗಾಯಿತೆಂಬುದನ್ನು ಅವರು ಪತ್ತೆಹಚ್ಚಿದ್ದು ಕೆಲವು ತಿಂಗಳುಗಳ ಅಲೆದಾಟದ ನಂತರ. ಹೊಲಿಗೆ ಕಾರ್ಖಾನೆಯ ಗೋಡೆಯ ಮೇಲೆ 'ಇಲ್ಲಿ ಮರಳು ಬಳಸುವುದಿಲ್ಲ' ಎಂಬ ದೊಡ್ಡ ಹಲಗೆಯಿತ್ತು. ತಪಾಸಣೆಗೆ ಬಂದವರೆಲ್ಲ ಅದನ್ನು ಓದಿ, ಸುತ್ತ ನೋಡಿ, ನಿಜವೆಂದು ಮನಗಂಡು, ಚಹಾ ಕುಡಿದು ಹೋಗಿದ್ದರು. ಹಲಗೆ ಸುಳ್ಳಾಡಿರಲಿಲ್ಲ, ಅದರ ಭೀಕರತೆ ಇದ್ದದ್ದೇ ಅಲ್ಲಿ. ಅಲ್ಲಿ ನಿಜಕ್ಕೂ ಮರಳು ಇರಲಿಲ್ಲ. ಮರಳು ಇದ್ದದ್ದು ಊರಿನ ಇನ್ನೊಂದು ಮೂಲೆಯಲ್ಲಿ, ಸಾಲುಮನೆಗಳ ಹಿಂದಿನ ಓಣಿಯಲ್ಲಿ, ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಹೊದಿಸಿದ ಒಂದು ಶೆಡ್ಡಿನಲ್ಲಿ. ಕಾರ್ಖಾನೆಯ ಹಿಂಬಾಗಿಲಿನಿಂದ ಹೊರಟ ವ್ಯಾನೊಂದರ ಅರ್ಧ ಹೆಜ್ಜೆ ಹಿಂದೆ ಹೋಗಿ ಅಕ್ಕ ಅದನ್ನು ಕಂಡರು. ಗಾಢ ನೀಲಿಯ ಪ್ಯಾಂಟುಗಳು ಒಳಗೆ ಹೋಗುತ್ತಿದ್ದವು. ಸವೆದ ಪ್ಯಾಂಟುಗಳು ಹೊರಗೆ ಬರುತ್ತಿದ್ದವು. ಒಳಗೆ, ಬಾಯಿಗೆ ಹಳೆಯ ಬಟ್ಟೆ ಕಟ್ಟಿಕೊಂಡವರು ದಪ್ಪ ಪೈಪು ಹಿಡಿದು, ಗಾಳಿಯ ರಭಸದಲ್ಲಿ ಮರಳನ್ನು ಪ್ಯಾಂಟಿನ ಮಂಡಿಗೆ ಹೊಡೆಯುತ್ತಿದ್ದರು. ಮರಳು ನೀಲಿಯನ್ನು ಸವೆಸುತ್ತಿತ್ತು. ಸವೆಸುತ್ತ ತಾನೂ ಪುಡಿಯಾಗಿ, ಕಣ್ಣಿಗೆ ಕಾಣದ ಧೂಳಾಗಿ, ಪೈಪು ಹಿಡಿದವರ ಎದೆಗಿಳಿಯುತ್ತಿತ್ತು. ಎದೆಗಿಳಿದದ್ದು ಹೊರಬರುವುದಿಲ್ಲವಂತೆ. ಹೊಸ ಬಟ್ಟೆ ಹಳೆಯದಾಗಿ ಕಾಣಲೆಂದು ಹೊಸ ಎದೆಗಳು ಹಳೆಯವಾಗುತ್ತಿದ್ದವು.

ಆ ಓಣಿಯ ಕಡೆಯ ಮನೆಯಲ್ಲಿ, ಈಗ ಪೈಪು ಹಿಡಿಯಲಾಗದೆ ಕುಳಿತಿದ್ದ ಒಬ್ಬನನ್ನು ಅಕ್ಕ ಕಂಡು ಮಾತಾಡಿಸಿದರು. ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಪೈಪಿನವನೆಂದೇ. ಅವನ ಮಾತುಗಳ ವರದಿ ತಿದ್ದುವುದಕ್ಕೆಂದು ನನ್ನ ಮೇಜಿಗೆ ಬಂತು.

ವಾಕ್ಯಗಳನ್ನು ನೇರ್ಪುಗೊಳಿಸುವುದೇ ನನಗೆ ಸಂಬಳ ತರುವ ವಿದ್ಯೆ. ವರದಿ ನೋಡಿದರೆ, ಎರಡು ಪದ, ನಿಲುಗಡೆ. ಮೂರು ಪದ, ನಿಲುಗಡೆ. ದಾರ ಹರಿದ ಮಣಿಸರದಂತೆ ಪುಟದ ತುಂಬ ಚೆಲ್ಲಾಪಿಲ್ಲಿ. ಪಾಪ, ಅಕ್ಕ ಬಸ್ಸಿನ ಕುಲುಕಾಟದಲ್ಲಿ ಬರೆದಿರಬೇಕೆಂದು ನನಗೆ ಮರುಕ ಹುಟ್ಟಿತು. ಅರ್ಧ ದಿನ ಕುಳಿತು, ಆ ಚೂರುಗಳನ್ನೆಲ್ಲ ಪೋಣಿಸಿ, ಗಂಭೀರವಾಗಿ ಹರಿಯುವ ಒಂದೇ ಮಹಾವಾಕ್ಯವನ್ನಾಗಿ ಮಾಡಿದೆ. ಸತ್ಯ ಹೇಳಬೇಕೆಂದರೆ, ಅದನ್ನು ಮುಗಿಸಿದಾಗ ನನ್ನ ಕಣ್ಣೇ ತುಂಬಿಬಂತು. ಅವನ ದುಃಖಕ್ಕಲ್ಲ, ನನ್ನ ಶೈಲಿಗೆ.

ಅಕ್ಕ ಓದಿದರು. ಹೆಬ್ಬೆರಳು ಹಸಿರು ಗುಂಡಿಯ ಮೇಲೆ ಹೋಯಿತು. "ಚೆನ್ನಾಗಿದೆ. ನೀನೇ ಬಂದು ಅವನಿಗೆ ಓದಿ ಕೇಳಿಸು" ಎಂದರು.

ಮರುದಿನ ಮಧ್ಯಾಹ್ನ ಅವರೊಂದಿಗೆ, ಅಂದರೆ ಅವರಿಗಿಂತ ಅರ್ಧ ಹೆಜ್ಜೆ ಮುಂದೆ, ಆ ಓಣಿಗೆ ನಡೆದೆ. ಎಂಥ ಸಂದರ್ಭಕ್ಕೆ ಎಂಥ ಉಡುಪೆಂಬ ವಿವೇಕ ನನಗಿದ್ದಿದ್ದರೆ ಈ ಬರಹದ ತುಂಬ ನನ್ನ ಮಂಡಿಯ ಪ್ರಸ್ತಾಪವೇ ಬರುತ್ತಿರಲಿಲ್ಲ. ಒಗೆದು ಒಣಗಿದ್ದು ಆ ಪ್ಯಾಂಟೊಂದೇ ಆಗಿತ್ತು. ಒಂದೇ ಕೋಣೆಯ ಮನೆ. ಬಾಗಿಲಲ್ಲಿ ನಮ್ಮನ್ನು ಎದುರುಗೊಂಡಾಕೆಯ ಹುಬ್ಬು, ರೆಪ್ಪೆ, ಹಣೆಗೂದಲು ಪೂರ್ತಿ ನರೆತಿದ್ದವು. ಪೈಪಿನವನ ತಾಯಿಯಿರಬೇಕೆಂದು ತಿಳಿದು, "ನಮಸ್ಕಾರ ಅಮ್ಮಾ" ಎಂದು ತಲೆಬಾಗಿದೆ. ಆಕೆ ನಕ್ಕು, "ಊಟದ ಬಿಡುವಿಗೆ ಬಂದೆ, ಮುಖ ತೊಳ್ಕೊಂಡು ಬರ್ತೀನಿ, ಕೂತ್ಕೊಳ್ಳಿ" ಎಂದು ಮೂಲೆಯ ನಲ್ಲಿಯಲ್ಲಿ ಮುಖ ತೊಳೆದರು. ನೀರಿನೊಂದಿಗೆ ನರೆ ಇಳಿದುಹೋಯಿತು. ತಿರುಗಿ ನೋಡಿದಾಗ ಅಲ್ಲಿದ್ದದ್ದು ನನ್ನ ತಂಗಿಯ ವಯಸ್ಸಿನ ಹುಡುಗಿ.

ಪೈಪಿನವನ ಹೆಂಡತಿ ಅವಳು. ಗಂಡನ ಕೈಯಲ್ಲಿ ಆಗದೆಹೋದಾಗ ಶೆಡ್ಡಿನ ಮೇಸ್ತ್ರಿ ದೊಡ್ಡ ಮನಸ್ಸು ಮಾಡಿ ಆ ಜಾಗವನ್ನು ಅವಳಿಗೆ ಕೊಟ್ಟಿದ್ದನಂತೆ. ಬಾಯಿಗೆ ಕಟ್ಟಿಕೊಳ್ಳುವ ಬಟ್ಟೆಯೂ ಗಂಡನದೇ. ಒಗೆದು ಹಗ್ಗದ ಮೇಲೆ ಹರವಿದಳು. ಮೇಸ್ತ್ರಿಯ ಉಪಕಾರವನ್ನು ಅವಳು ಹೇಳಿದ ರೀತಿಯಲ್ಲಿ ವ್ಯಂಗ್ಯದ ಸುಳಿವೂ ಇರಲಿಲ್ಲ.

ಅವನು ಮಡಚಿದ ಹಾಸಿಗೆಗೆ ಒರಗಿ ಕುಳಿತಿದ್ದ. ನನ್ನದೇ ವಯಸ್ಸು. ನಾನು ಗಂಟಲು ಸರಿಮಾಡಿಕೊಂಡು ಓದತೊಡಗಿದೆ: "ಮರಳಿನ ಧೂಳಿನಿಂದ ಆವೃತವಾದ ಆ ಮಸುಕು ಕೋಣೆಯಲ್ಲಿ ಯೌವನದ ಅಮೂಲ್ಯ ವರ್ಷಗಳನ್ನು ಕಳೆದ ನಾನು, ಇಂದು ಎದೆಯಾಳದಲ್ಲಿ ಮನೆಮಾಡಿದ ವ್ಯಾಧಿಯಿಂದ ಜರ್ಜರಿತನಾಗಿ, ಕುಟುಂಬದ ಭವಿಷ್ಯವನ್ನು ನೆನೆದು ಹಗಲಿರುಳು ಪರಿತಪಿಸುತ್ತ..."

ಅವನು ನಗತೊಡಗಿದ. ಶಬ್ದವಿಲ್ಲದ ನಗು, ಭುಜ ಮಾತ್ರ ಕುಲುಕುತ್ತಿತ್ತು.

"ಯಾರಿದು?" ಎಂದ. ಮಾತು ನಿಂತಿತು. ಉಸಿರೆಳೆದ. "ಇಷ್ಟುದ್ದ." ಮತ್ತೆ ನಿಂತಿತು. "ಉಸಿರು. ನಂಗೆ ಇದ್ದಿದ್ರೆ." ಹೆಂಡತಿ ಅವನ ಬೆನ್ನಿಗೆ ಕೈಯಿಟ್ಟಳು. "ಇನ್ನೂ. ಕೆಲಸಕ್ಕೆ. ಹೋಗ್ತಿದ್ದೆ."

ನಗು ಕೆಮ್ಮಾಯಿತು. ಆ ಕೆಮ್ಮನ್ನು ವರ್ಣಿಸುವ ಶಕ್ತಿ ನನ್ನ ಶೈಲಿಗಿಲ್ಲ. ಒಣಗಿದ ಬಾವಿಯೊಳಗೆ ಯಾರೋ ಕೊಡವನ್ನು ಬಿಟ್ಟೂಬಿಟ್ಟು ಎಳೆಯುತ್ತಿರುವಂತಿತ್ತು. ಅದು ಮುಗಿದ ಮೇಲೆ ಅವನ ದೃಷ್ಟಿ ನನ್ನ ಮಂಡಿಯ ಮೇಲೆ ಬಿತ್ತು. ಕೈ ಚಾಚಿ, ಆ ಬಿಳಿಯನ್ನು ಬೆರಳಿನಿಂದ ಸವರಿದ. "ಚೆನ್ನಾಗಿ. ಬಂದಿದೆ" ಎಂದ. ಮೆಚ್ಚಿಯೇ ಅಂದದ್ದು. ನನಗೆ ಆ ಕಾಲನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕತ್ತರಿಸಿ ಹೊರಗಿಡುವಂತಿದ್ದರೆ ಇಡುತ್ತಿದ್ದೆ.

ಅಕ್ಕ ನನ್ನ ಮಹಾವಾಕ್ಯವನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡು ಮಡಚಿ ಕೋಟಿನ ಜೇಬಿಗಿಟ್ಟರು. ತಾವು ಮೊದಲು ಬರೆದದ್ದನ್ನು ಹೊರತೆಗೆದು ಓದಿದರು. "ಮೊದ್ಲು. ಬೇಸಿಗೆ ಅಂದ್ಕೊಂಡೆ. ಬಾಯಿ ಒಣಗ್ತಿತ್ತು. ಆಮೇಲೆ. ಮೆಟ್ಲು ಹತ್ತಕ್ಕೆ. ಆಗ್ಲಿಲ್ಲ. ಹೆಂಡ್ತೀನ. ಕರೆಯಕ್ಕೆ ಹೋದೆ. ಹೆಸರು. ಪೂರ್ತಿ. ಬರ್ಲಿಲ್ಲ." ಪ್ರತಿ ನಿಲುಗಡೆಗೂ ಅವನು ತಲೆದೂಗುತ್ತಿದ್ದ, ತನ್ನ ಹೆಜ್ಜೆಯ ಸಪ್ಪಳವನ್ನು ದೂರದಿಂದ ಗುರುತಿಸುವವನಂತೆ. ಆ ನಿಲುಗಡೆಗಳಲ್ಲಿ ಇದ್ದದ್ದು ಬಸ್ಸಿನ ಕುಲುಕಾಟವಲ್ಲ, ಅವನ ಎದೆ. ನಾನು ಅಂದವಾಗಿ ಅಳಿಸಿಹಾಕಿದ್ದು ಅದನ್ನೇ.

"ಇದು. ನಾನು" ಎಂದ ಪೈಪಿನವನು.

"ಏನಾದ್ರೂ ತೆಗೀಬೇಕಾ?" ಎಂದು ಅಕ್ಕ ಕೇಳಿದರು.

ಮಾತಾಡಿದವಳು ಹೆಂಡತಿ. "ಇದು ಪೇಪರಲ್ಲಿ ಬಂದ್ರೆ ಶೆಡ್ ಮುಚ್ತಾರೇನಕ್ಕಾ?"

ಇಲ್ಲ ಎಂದು ಸಮಾಧಾನ ಹೇಳುವವರ ಜಾತಿಯಲ್ಲ ಅಕ್ಕ. "ಮುಚ್ಚಬಹುದು" ಎಂದರು.

"ಹಂಗಾದ್ರೆ ಪೂರ್ತಿ ತೆಗೀರಿ. ಮುಚ್ಚಿದ್ರೆ ಇವರ ಔಷಧಿಗೆ, ಒಲೆಗೆ ಎಲ್ಲಿಗೆ ಹೋಗ್ಲಿ ನಾನು? ಮುಚ್ಚಬಾರದು. ಮರಳು ನಿಲ್ಲಬೇಕು, ಅಷ್ಟೇ. ಕೆಲಸ ನಿಲ್ಲಬಾರದು."

"ಬರ್ಲಿ" ಎಂದ ಗಂಡ.

"ನೀವು ಸುಮ್ನಿರಿ."

"ಇವಳು. ನಿನ್ನೆ. ಕೆಮ್ಮಿದ್ಲು."

"ಅಯ್ಯೋ, ಅದು ನೆಗಡಿ ಕಣ್ರೀ!"

ಅವನು ಉಸಿರು ಕೂಡಿಸಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡ. "ನಂದೂ. ನೆಗಡೀನೇ. ಆಗಿತ್ತು."

ಅವಳು ಒದ್ದೆ ಬಟ್ಟೆಯನ್ನು ಹಗ್ಗದಿಂದ ಎಳೆದುಕೊಂಡು ಸೆರಗಿನಂತೆ ಬಾಯಿಗೊತ್ತಿಕೊಂಡಳು. ಬಿಡುವು ಮುಗಿದ ಕೂಗು ಓಣಿಯಲ್ಲಿ ಕೇಳಿಸಿತು. ಅದೇ ಬಟ್ಟೆಯನ್ನು ಕಟ್ಟಿಕೊಳ್ಳುತ್ತ ಬಾಗಿಲ ಬಳಿ ನಿಂತು, ಬೆನ್ನು ತಿರುಗಿಸಿಯೇ, "ಹಾಕಿ. ಆದ್ರೆ ನಾನಂದಿದ್ದನ್ನ ಮೇಲೆ ಹಾಕಿ, ದಪ್ಪಕ್ಷರದಲ್ಲಿ" ಎಂದಳು.

ಆ ದಪ್ಪಕ್ಷರಕ್ಕಾಗಿ ಸಂಪಾದಕರ ಕೋಣೆಯಲ್ಲಿ ನಡೆದ ಯುದ್ಧವನ್ನು ಇಡೀ ಕಚೇರಿ ಕದದ ಸಂದಿಯಲ್ಲಿ ಕಿವಿಯಿಟ್ಟು ಕೇಳಿತು. 'ಸಾವಿನ ಪ್ಯಾಂಟು!' ಎಂಬ ತಲೆಬರಹ ಸಂಪಾದಕರ ಮನಸ್ಸಿನಲ್ಲಿ ಆಗಲೇ ಅಚ್ಚಾಗಿತ್ತು. ಅಕ್ಕ ಕೋಟಿನ ಗುಂಡಿ ತಿರುಗಿಸುತ್ತ ನಿಂತೇ ಇದ್ದರು. ಕಡೆಗೆ ಹೊರಬಂದ ತಲೆಬರಹ: 'ಮರಳು ನಿಲ್ಲಲಿ, ಕೆಲಸ ನಿಲ್ಲದಿರಲಿ'. ಅದನ್ನು ಬಿಟ್ಟುಕೊಟ್ಟ ಸಂಪಾದಕರು ಒಳಗಿನ ಬರಹಕ್ಕೆ ಬಂದು ಮತ್ತೆ ತಲೆಗೆ ಕೈಹೊತ್ತರು.

"ಇದನ್ನ ಹೀಗೇ ಹಾಕಿದ್ರೆ ಓದೋರಿಗೆ ಉಸಿರು ಕಟ್ಟುತ್ತಲ್ಲಮ್ಮಾ!"

"ಕಟ್ಟಲಿ ಸರ್."

ಕಟ್ಟಿತು. ಪತ್ರಿಕೆ ಹೊರಬಂದ ದಿನ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಮುದುಕರೊಬ್ಬರು ಕನ್ನಡಕ ಮರೆತು ಬಂದ ಹೆಂಡತಿಗೆ ವರದಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಎರಡು ಪದಕ್ಕೆ ನಿಲ್ಲುತ್ತ, ಮೂರು ಪದಕ್ಕೆ ನಿಲ್ಲುತ್ತ, ತಮಗರಿವಿಲ್ಲದೆ ಅವನ ಉಸಿರನ್ನೇ ಉಸಿರಾಡುತ್ತ ಅವರು ಏದುಸಿರು ಬಿಡತೊಡಗಿದರು. ಹೆಂಡತಿ ಗಾಬರಿಯಾಗಿ, "ಏನಾಯ್ತ್ರೀ ನಿಮಗೆ?" ಎಂದು ಪತ್ರಿಕೆ ಕಿತ್ತುಕೊಂಡರು. ಬಸ್ಸಿನಲ್ಲಿ ಒಬ್ಬೊಬ್ಬರೂ ತಲೆ ತಗ್ಗಿಸಿ ತಮ್ಮ ತಮ್ಮ ಮಂಡಿ ನೋಡಿಕೊಳ್ಳುತ್ತಿದ್ದರು. ಮನೆಗೆ ಬಂದರೆ ಅಮ್ಮ ನನ್ನ ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಬಯ್ಯಲಿಲ್ಲ. "ಇದನ್ನ ಎಲ್ಲಿಡ್ಲೋ?" ಎಂದಳು. ತೊಡುವಂತಿಲ್ಲ, ಎಸೆಯುವಂತಿಲ್ಲ. ಅದು ಇಂದಿಗೂ ನಮ್ಮ ಕುರ್ಚಿಯೊಂದರ ಬೆನ್ನಿನ ಮೇಲಿದೆ. ಆ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ.

ಆದರೆ ಆಘಾತದ ದೊಡ್ಡ ಪಾಲು ಬಂದದ್ದು ನಂತರ. ಪ್ಯಾಂಟಿನ ಕಂಪನಿ ಹೇಳಿಕೆ ಹೊರಡಿಸಿತು: ವಿಷಯ ತಿಳಿದು ನಾವು ದಿಗ್ಭ್ರಾಂತರಾಗಿದ್ದು, ಆ ಶೆಡ್ಡಿನೊಂದಿಗಿನ ಎಲ್ಲ ಸಂಬಂಧವನ್ನೂ ತಕ್ಷಣವೇ ಕಡಿದುಕೊಂಡಿದ್ದೇವೆ. ಕೆಲಸ ನಿಂತಿತು. ಓಣಿಯ ಹೆಂಗಸರು ನಮ್ಮ ಕಚೇರಿಯ ಮೆಟ್ಟಿಲ ಮೇಲೆ ಬಂದು ಕುಳಿತರು. ಅವರಲ್ಲಿ ಪೈಪಿನವನ ಹೆಂಡತಿಯೂ ಇದ್ದಳು. "ದಪ್ಪಕ್ಷರದಲ್ಲೇ ಹಾಕಿದ್ರಲ್ಲಕ್ಕಾ, ಅವರಿಗೆ ಕಾಣಿಸಲಿಲ್ವಾ?" ಎಂದಳು. ಆ ಮಾತಿಗೆ ಅಕ್ಕನ ಮುಖ ಸುಣ್ಣದ ಗೋಡೆಯಂತಾದದ್ದನ್ನು ನಾನು ಮೊದಲ ಬಾರಿ ಕಂಡೆ. ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಆ ಹಸಿರುಗುಂಡಿಯನ್ನೂ ಸೇರಿಸಿ, ಅವರು ಕಂಪನಿಯ ಕಟ್ಟಡಕ್ಕೆ ಹೊರಟರು. ನಾನೂ ಹಿಂಬಾಲಿಸಿದೆ. ಅಂದು ಅಕ್ಕ ಮುಂಬಾಗಿಲಿನಿಂದಲೇ ಒಳಹೋದರು.

ಟೈ ಕಟ್ಟಿದ ಅಧಿಕಾರಿ ವಿನಯದ ಮೂರ್ತಿ. ನಾವು ಕೂರುವ ಮುನ್ನವೇ, "ನಮಗೇನೂ ಗೊತ್ತೇ ಇರಲಿಲ್ಲ ಮೇಡಂ" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಗೆ ಅಷ್ಟು ಒಳ್ಳೆಯ ನಿದರ್ಶನವನ್ನು ನಾನು ಕಂಡಿರಲಿಲ್ಲ.

"ಶೆಡ್ಡಿಗೆ ಪ್ಯಾಂಟು ಕೊಟ್ಟಿದ್ದು ಯಾರು?"

"ಫ್ಯಾಕ್ಟರಿಯವರು. ನಮಗೆ ಹೇಳದೇನೇ."

"ಅದಕ್ಕೂ ಮುಂಚೆ?"

"ಫ್ಯಾಕ್ಟರಿಗೆ ನಾವು ಆರ್ಡರ್ ಕೊಟ್ವಿ. ಅದು ಮಾಮೂಲಿ."

"ಮಂಡಿ ಬೆಳ್ಳಗಿರಬೇಕು, ಇಂಥ ದಿನಕ್ಕೆ ಬೇಕೇಬೇಕು ಅಂತ ಹೇಳಿದ್ದು?"

"ಅದು... ನಾವೇ. ಆದರೆ ಹೇಗೆ ಮಾಡ್ತಾರೆ ಅನ್ನೋದು ಅವರಿಗೆ ಬಿಟ್ಟಿದ್ದು."

"ಅದಕ್ಕೂ ಮುಂಚೆ?"

ಅಧಿಕಾರಿ ಮೇಲೆ ನೋಡಿದರು. ಮೇಲಿನ ಮಹಡಿಯಲ್ಲಿ, ಗಾಜಿನ ಕೋಣೆಯಲ್ಲಿ, ಬಣ್ಣದ ಪೆನ್ಸಿಲು ಹಿಡಿದ ಯಾರೋ ಒಬ್ಬರು ಕಾಗದದ ಮೇಲೆ ಬಿಡಿಸಿದ ಪ್ಯಾಂಟಿಗೆ, ಮಂಡಿಯ ಜಾಗದಲ್ಲಿ, ಒಂದಿಷ್ಟು ಬಿಳಿ ಬಿಟ್ಟಿದ್ದರು. ಇಷ್ಟು ದಿನ ಬುಡವೆಂದರೆ ಕೆಳಗಿರುವಂಥದ್ದು, ಓಣಿಯ ಕೊನೆಯಲ್ಲಿ, ಪ್ಲಾಸ್ಟಿಕ್ ಹೊದಿಸಿದ ಕಿಟಕಿಯ ಹಿಂದೆ ಇರುವಂಥದ್ದು ಎಂದು ನಾನು ನಂಬಿದ್ದೆ. ಬುಡ ಮೇಲಿತ್ತು. ಅದಕ್ಕೆ ಒಳ್ಳೆಯ ಬೆಳಕೂ ಹವಾನಿಯಂತ್ರಣವೂ ಇತ್ತು.

"ನೆಗಡಿ ಬಂತು ಅಂತ ಮೂಗು ಕೊಯ್ಕೊಂಡೋರ ಕಥೆ ಕೇಳಿದೀನಿ ಸರ್. ನೀವು ಪಕ್ಕದವರ ಮೂಗು ಕೊಯ್ದಿದೀರ" ಎಂದರು ಅಕ್ಕ.

ಈ ಸಂವಾದ, ಅಧಿಕಾರಿ ಮೇಲೆ ನೋಡಿದ ಮೌನವನ್ನೂ ಬಿಡದೆ, ಯಥಾವತ್ತಾಗಿ ಅಚ್ಚಾಯಿತು. ಅದಕ್ಕೆ ನಾನು ಒಂದು ಅಲ್ಪವಿರಾಮವನ್ನೂ ಸೇರಿಸಲಿಲ್ಲ. ಮುಂದಿನದನ್ನು ಮಾಡಿದ್ದು ಓದುಗರು. ಅಂಗಡಿಯ ಮಾರಾಟಗಾರರ ಮುಂದೆ ಗಿರಾಕಿಗಳು ಪ್ಯಾಂಟು ಹಿಡಿದು, "ಇದು ಎಲ್ಲಿಂದ ಬಂತು? ಅದಕ್ಕೂ ಮುಂಚೆ?" ಎಂದು ಕೇಳತೊಡಗಿದರು. ಮೊದಲು ತಮಾಷೆಗೆ, ಆಮೇಲೆ ನಿಜಕ್ಕೇ. ಕಾಲೇಜಿನ ಹುಡುಗಿಯರು ಅಂಗಡಿಯ ಮುಂದೆ ಗುಂಪಾಗಿ ನಿಂತು ಪೈಪಿನವನ ಮಾತುಗಳನ್ನು ನಿಲುಗಡೆಗಳ ಸಮೇತ ಓದಿದರು. ಒಳಗೆ ಹೋಗಬೇಕಾದವರು ಒಂದು ಉಸಿರಿನಷ್ಟಾದರೂ ನಿಲ್ಲಲೇಬೇಕಾಯಿತು. ಕಂಪನಿ ಶೆಡ್ಡಿಗೆ ಹಿಂದಿರುಗಿತು. ಮರಳು ನಿಂತಿತು. ಪ್ಲಾಸ್ಟಿಕ್ ಕಿತ್ತು ಕಿಟಕಿ ತೆರೆದರು. ಓಣಿಯ ಹೆಂಗಸರು ಈಗ ಅಲ್ಲಿ ಜೇಬು ಹೊಲಿಯುತ್ತಾರೆ. ಪೈಪು ಹಿಡಿದಿದ್ದವರ ಎದೆಯ ತಪಾಸಣೆ, ಚಿಕಿತ್ಸೆ ಕಂಪನಿಯ ಪಾಲಾಯಿತು. ಇದೆಲ್ಲ ಒಳ್ಳೆಯ ಮನಸ್ಸಿನಿಂದಾದದ್ದೆಂದು ಹೇಳುವಷ್ಟು ನಾನು ಇನ್ನೂ ಹಳೆಯ ಶೈಲಿಗೆ ಮರಳಿಲ್ಲ. ಅಕ್ಕನಂತೂ ಸಂಭ್ರಮಿಸಲಿಲ್ಲ. "ಆ ಪೈಪು ಎಲ್ಲಿ ಹೋಯ್ತು?" ಎಂದು ಮೇಸ್ತ್ರಿಯನ್ನು ಹಿಡಿದರು. ಮಾರಿದೆ ಎಂದ. "ಅದಾದ ಮೇಲೆ?" ಎಂದರು. ಅವರ ಬಾಯಲ್ಲಿ ಪ್ರಶ್ನೆ ದಿಕ್ಕು ಬದಲಿಸಿದ್ದನ್ನು ಅಂದೇ ನಾನು ಕೇಳಿದ್ದು.

ಪೈಪಿನವನು ಆ ಚಳಿಗಾಲವನ್ನು ದಾಟಲಿಲ್ಲ. ಎದೆಗಿಳಿದದ್ದು ಹೊರಬರುವುದಿಲ್ಲವೆಂದು ಮೊದಲೇ ಹೇಳಿದೆನಲ್ಲ. ಸುದ್ದಿ ತಿಳಿದು ನಾವಿಬ್ಬರೂ ಹೋದಾಗ ಆ ಹುಡುಗಿ ಬಾಗಿಲಲ್ಲೇ ಕುಳಿತಿದ್ದಳು. ಅಳು ಮುಗಿದಿತ್ತು. ಹುಬ್ಬು ಕಪ್ಪಗಿತ್ತು. ಅಕ್ಕ ಅವಳ ಪಕ್ಕ ಕುಳಿತರು, ಸಂಜೆಯಾಗುವವರೆಗೆ. ಏನನ್ನೂ ಕೇಳಲಿಲ್ಲ, ಏನನ್ನೂ ಬರೆದುಕೊಳ್ಳಲಿಲ್ಲ. ಹೊರಡುವಾಗ ಅವಳು ಅಕ್ಕನ ಕೋಟಿನ ಅಂಚನ್ನು ಹಿಡಿದು, ಸಡಿಲವಾಗಿದ್ದ ಆ ಹಸಿರು ಗುಂಡಿಯನ್ನು ಗಟ್ಟಿಯಾಗಿ ಹೊಲಿದು ಕಳಿಸಿದಳು.

ಇಂಥವರ ಬಗ್ಗೆ ಲೋಕಕ್ಕೆ ಎರಡು ಭ್ರಮೆಗಳಿವೆ. ಇವರು ಬರೆದರೆ ಅನ್ಯಾಯ ತಲೆಕೆಳಗಾಗುತ್ತದೆಂಬುದು ಒಂದು. ಬರೆದು ಏನೂ ಆಗದು, ಪತ್ರಿಕೆ ಸಂಜೆಗೆ ಪೊಟ್ಟಣ ಕಟ್ಟುವ ಕಾಗದ ಎಂಬುದು ಇನ್ನೊಂದು. ಎರಡೂ ಸೋಮಾರಿಗಳ ನಂಬಿಕೆ. ನಾನು ಎರಡನ್ನೂ ಬೇರೆ ಬೇರೆ ವಾರಗಳಲ್ಲಿ ನಂಬಿದ್ದೇನೆ. ಈ ಜಾತಿಯವರು ಕ್ರಾಂತಿಯ ಕಹಳೆಯೂ ಅಲ್ಲ, ಕಣ್ಣೀರಿನ ವ್ಯಾಪಾರಿಗಳೂ ಅಲ್ಲ. ಒಂದು ತುದಿಯಲ್ಲಿ ತೊಡುವವನ ಮಂಡಿ, ಇನ್ನೊಂದು ತುದಿಯಲ್ಲಿ ಮಾಡುವವನ ಎದೆ, ನಡುವೆ ಯಾರಿಗೂ ಏನೂ ಗೊತ್ತಿಲ್ಲದ ಉದ್ದನೆಯ ದಾರಿ. ಆ ದಾರಿಯನ್ನು ನಡೆದು, ಒಂದು ತುದಿಯ ಉಸಿರನ್ನು ಚೆಲ್ಲದೆ ಇನ್ನೊಂದು ತುದಿಗೆ ಮುಟ್ಟಿಸುವವರು ಇವರು. ಮುಟ್ಟಿದ ಮೇಲೂ ಗೊತ್ತಿರಲಿಲ್ಲ ಎನ್ನುವುದು ಕಷ್ಟ. ಇವರಿಂದ ಆಗುವುದು ಅಷ್ಟೇ. ಆ ಅಷ್ಟನ್ನು ಮಾಡಲು ಇವರ ಆಯುಷ್ಯವೂ ಎಲ್ಲೋ ಸವೆಯುತ್ತಿರುತ್ತದೆ. ಅದು ಯಾವ ಅಂಗಡಿಯಲ್ಲೂ ಫ್ಯಾಷನ್ನಾಗಿ ಮಾರಾಟವಾಗುವುದಿಲ್ಲ.

ಇಷ್ಟು ತತ್ವ ಅಂದು ನನಗೆ ಹೊಳೆದಿರಲಿಲ್ಲ. ಓಣಿಯಿಂದ ಹಿಂದಿರುಗುವಾಗ ನನ್ನೊಳಗೆ ಕುದಿಯುತ್ತಿದ್ದದ್ದು ಒಂದೇ, ಕೇಳಬಾರದ ಪ್ರಶ್ನೆ. ತಿರುಗಿ, ಉಳುಕಿದ ಕತ್ತಿನಲ್ಲೇ, ಕೇಳಿಯೂಬಿಟ್ಟೆ: "ಅಕ್ಕಾ, ಇಷ್ಟೆಲ್ಲ ಅಲೆದು, ಬರೆದು, ಜಗಳ ಆಡಿ, ಕೊನೆಗೆ ಅವನಿಗೇನು ಸಿಕ್ತು?"

ಅರ್ಧ ಹೆಜ್ಜೆ ಹಿಂದಿನಿಂದ ಅವರು ಹೇಳಿದರು: "ಅವನಿಗಾ? ಏನೂ ಸಿಗಲಿಲ್ಲ. ಅವಳು ಕೆಮ್ತಿಲ್ಲ."